ಗಾರ್ಮೆಂಟ್ಸ್ ಎಚ್‌ಆರ್ ಇಂದ ಟ್ರೈನಿಂಗ್, ಓ.ಡಿ. ಕಡೆ ಹೋಗ್ಬೇಕು ಅಂತಿದೀನಿ, ದಾವಣಗೆರೆಲಿ ಇದ್ಕೊಂಡೇ ಆಗುತ್ತಾ?

ಮಾಯಕೊಂಡ_ಮಗಳು:

ನಮಸ್ಕಾರ ಎಲ್ರಿಗೂ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಹೇಳ್ರಿ.

ನಾನು ದಾವಣಗೆರೆ ಹತ್ರ ಒಂದು ಗಾರ್ಮೆಂಟ್ಸ್‌ನಲ್ಲಿ ಎಚ್‌ಆರ್ ಎಕ್ಸಿಕ್ಯೂಟಿವ್, ಆರು ವರ್ಷ ಆಯ್ತು. ಎಂಬಿಎ ಮಾಡಿದ್ದು ಇಲ್ಲೇ ದಾವಣಗೆರೆ ಯೂನಿವರ್ಸಿಟಿ, ತೋಳಹುಣಸೆ ಕ್ಯಾಂಪಸ್. ನನ್ನ ಕೆಲಸ ಅಂದ್ರೆ ಅಟೆಂಡೆನ್ಸು, ಪಿಎಫ್, ಇಎಸ್‌ಐ, ಜಾಯ್ನಿಂಗ್ ಫಾರ್ಮು, ಬಿಟ್ಟು ಹೋದವರ ಸೆಟಲ್‌ಮೆಂಟು, ದಿನ ಪೂರ್ತಿ ಎಕ್ಸೆಲ್ ಶೀಟು. ಎರಡು ವರ್ಷದ ಹಿಂದೆ ಇಂಡಕ್ಷನ್ ಕೊಡ್ತಿದ್ದವರು ಕೆಲಸ ಬಿಟ್ರು ಅಂತ ಹೊಸ ಟೈಲರ್‌ಗಳಿಗೆ ಇಂಡಕ್ಷನ್ ಮಾಡೋದೂ ನನ್ನ ಪಾಲಿಗೆ ಬಂತು. ಕ್ಯಾಂಟೀನ್‌ನಲ್ಲಿ ಕೂರಿಸಿ ನಲವತ್ತು ನಿಮಿಷ ಕಂಪನಿ ಯಾವಾಗ ಶುರುವಾಯ್ತು, ಎಷ್ಟು ಯೂನಿಟ್ ಐತೆ, ರೂಲ್ಸ್ ಏನು ಅಂತ ಹೇಳಿ ಸೈನ್ ತಗೊಂಡು ಫ್ಲೋರ್‌ಗೆ ಕಳಿಸೋದು, ಮೊದಲಿಂದ ಹಂಗೇ ನಡ್ಕೊಂಡು ಬಂದಿತ್ತು, ನಾನೂ ಹಂಗೇ ಮಾಡ್ದೆ.

ಒಂದಿನ ಆನಗೋಡು ಕಡೆ ಹುಡುಗಿ ಒಬ್ಳು, ಹತ್ತೊಂಬತ್ತು ವರ್ಷ ಇರ್ಬೋದು, ಎಲ್ಲಾ ಮುಗಿದು ಬೇರೆಯವರು ಎದ್ದು ಹೋದ ಮೇಲೂ ನಿಂತಿದ್ಲು, ಐಡಿ ಕಾರ್ಡನ್ನ ಎರಡೂ ಕೈಲಿ ಗಟ್ಟಿ ಹಿಡ್ಕೊಂಡು. ಏನಮ್ಮ ಅಂದ್ರೆ "ಮೇಡಂ, ಬಾತ್‌ರೂಮಿಗೆ ಹೋಗ್ಬೇಕಂದ್ರೆ ಯಾರನ್ನ ಕೇಳ್ಬೇಕು?" ಅಂದ್ಲು. ನಲವತ್ತು ನಿಮಿಷ ನಾನು ಮಾತಾಡಿದ್ದೆ, ಅವಳಿಗೆ ಬೇಕಾಗಿದ್ದು ಅದೊಂದೇ, ಅದನ್ನೇ ಹೇಳಿರಲಿಲ್ಲ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ. ಮಾರನೇ ದಿನ ಹಳೇ ಹಾಳೆ ಪಕ್ಕಕ್ಕಿಟ್ಟು, ಫ್ಲೋರ್‌ನಲ್ಲಿ ಆರು ತಿಂಗಳಾದ ನಾಲ್ಕು ಜನ ಹೆಣ್ಮಕ್ಕಳನ್ನ ಕೂರಿಸ್ಕೊಂಡು ನಿಮಗೆ ಮೊದಲನೇ ದಿನ ಏನು ಗೊತ್ತಿಲ್ದೆ ಕಷ್ಟ ಆಯ್ತು ಅಂತ ಕೇಳಿ ಬರ್ಕೊಂಡೆ. ಊಟದ ಡಬ್ಬಿ ಎಲ್ಲಿಡ್ಬೇಕು, ಸೂಜಿ ಮುರಿದ್ರೆ ಬೈತಾರಾ, ಆಲ್ಟರ್ ಪೀಸ್ ವಾಪಸ್ ಬಂದ್ರೆ ಸಂಬಳ ಕಟ್ ಆಗುತ್ತಾ, ಬಸ್ ತಪ್ಪಿದ್ರೆ ಯಾರಿಗೆ ಫೋನ್ ಮಾಡ್ಬೇಕು, ಇಂಥವೇ ಎಲ್ಲಾ. ಈಗ ಇಂಡಕ್ಷನ್ ಇವುಗಳಿಂದಲೇ ಶುರು ಮಾಡ್ತೀನಿ, ಕಂಪನಿ ಹಿಸ್ಟರಿ ಕೊನೇಲಿ ಐದು ನಿಮಿಷ.

ಇದು ಮಾಡ್ತಾ ಮಾಡ್ತಾ ನನಗೆ ಬೇಕಾದ ಕೆಲಸ ಇದೇ ಅಂತ ಅನ್ನಿಸಿಬಿಟ್ಟಿದೆ. ಪಿಎಫ್ ಫೈಲ್ ಮುಂದೆ ಕೂತಾಗ ಸಂಜೆ ಯಾವಾಗ ಆಗುತ್ತೋ ಅನ್ಸುತ್ತೆ, ಇಂಡಕ್ಷನ್ ದಿನ ಊಟ ಮರ್ತು ಹೋಗುತ್ತೆ.

ಈಗ ಕೇಳೋದು ಏನಂದ್ರೆ, ಟ್ರೈನಿಂಗ್ ಬೇರೆ, ಓ.ಡಿ. ಅಂದ್ರೆ ಆರ್ಗನೈಸೇಷನ್ ಡೆವಲಪ್‌ಮೆಂಟ್ ಬೇರೆ ಅಂತಾರೆ, ಎಂಬಿಎಲಿ ಓದಿದ್ದು ಪರೀಕ್ಷೆಗಷ್ಟೇ ಆಯ್ತು, ನಿಜವಾಗ್ಲೂ ಕೆಲಸದಲ್ಲಿ ವ್ಯತ್ಯಾಸ ಏನು? ಸರ್ಟಿಫಿಕೇಟ್ ಯಾವುದು ಮಾಡಿದ್ರೆ ಉಪಯೋಗ? ನನ್ನ ಇಂಗ್ಲಿಷ್ ಸುಮಾರು, ಅದು ಅಡ್ಡ ಬರುತ್ತಾ? ಮುಖ್ಯವಾಗಿ, ನಮ್ಮ ಯಜಮಾನ್ರದ್ದು ಮಂಡಿಪೇಟೆಲಿ ಅಂಗಡಿ, ಮಗ ಯುಕೆಜಿ, ಅತ್ತೆಗೆ ಹುಷಾರಿಲ್ಲ, ಬೆಂಗಳೂರಿಗೆ ಹೋಗೋ ಮಾತೇ ಇಲ್ಲ. ಇಲ್ಲೇ ಇದ್ಕೊಂಡು ಈ ಫೀಲ್ಡಲ್ಲಿ ಬೆಳೆಯೋಕೆ ದಾರಿ ಐತಾ? ನಮ್ಮ ಮ್ಯಾನೇಜರ್ ಹತ್ರ ಪ್ರಸ್ತಾಪ ಮಾಡಿದ್ದಕ್ಕೆ ಟ್ರೈನಿಂಗ್ ಅಂದ್ರೆ ಬರೀ ಖರ್ಚಮ್ಮ, ಪ್ರೊಡಕ್ಷನ್ ಟೈಮ್ ಹಾಳು ಅಂದ್ರು. ಅವರಿಗೆ ಏನು ಹೇಳ್ಬೇಕು ಅನ್ನೋದೂ ತಿಳಿಸ್ರಿ.

ಚಳ್ಳಕೆರೆ_ಟು_ಪೀಣ್ಯ:

ಮೇಡಂ, ನಮ್ಮೂರು ಚಳ್ಳಕೆರೆ, ಈಗ ಬೆಂಗಳೂರಲ್ಲಿದೀನಿ, ಎಲ್ ಅಂಡ್ ಡಿ, ಅಂದ್ರೆ ಲರ್ನಿಂಗ್ ಅಂಡ್ ಡೆವಲಪ್‌ಮೆಂಟ್ ಕೆಲಸದಲ್ಲಿ ಹದಿನಾಲ್ಕು ವರ್ಷ. ನಿಮ್ಮ ಪೋಸ್ಟ್ ಎರಡು ಸಲ ಓದ್ದೆ. ಆ ನಾಲ್ಕು ಜನ ಹೆಣ್ಮಕ್ಕಳನ್ನ ಕೂರಿಸ್ಕೊಂಡು ಕೇಳಿದ್ರಲ್ಲ, ನಮ್ಮ ಫೀಲ್ಡಲ್ಲಿ ಅದನ್ನ ಟ್ರೈನಿಂಗ್ ನೀಡ್ ಅನಾಲಿಸಿಸ್ ಅಂತಾರೆ, ವರ್ಷಗಟ್ಲೆ ಟ್ರೈನರ್ ಆಗಿರೋರೂ ಅದನ್ನ ಮಾಡಲ್ಲ, ಹಳೇ ಸ್ಲೈಡ್ ತೆಗೆದು ತಾರೀಕು ಬದಲಾಯಿಸಿ ಹೋಗಿ ಮಾತಾಡಿ ಬರ್ತಾರೆ. ನೀವು ಆಗ್ಲೇ ಅರ್ಧ ದಾರಿ ಬಂದಿದೀರ.

ವ್ಯತ್ಯಾಸ ನಿಮ್ಮ ಫ್ಲೋರ್ ಲೆಕ್ಕದಲ್ಲೇ ಹೇಳ್ತೀನಿ. ಒಬ್ಬ ಟೈಲರ್‌ಗೆ ಕಾಲರ್ ಅಟ್ಯಾಚ್ ಮಾಡೋದು ಕಲಿಸಿದ್ರೆ ಅದು ಟ್ರೈನಿಂಗ್. ಕಲಿತ ಟೈಲರ್‌ಗಳು ಮೂರು ತಿಂಗಳಿಗೇ ಯಾಕೆ ಬಿಟ್ಟು ಹೋಗ್ತಿದಾರೆ, ಕಟಿಂಗ್ ಸೆಕ್ಷನ್‌ಗೂ ಸ್ಟಿಚಿಂಗ್‌ಗೂ ದಿನಾ ಯಾಕೆ ಜಗಳ, ಸೂಪರ್‌ವೈಸರ್ ಕೂಗಾಡಿದ್ರೇನೇ ಟಾರ್ಗೆಟ್ ಬರುತ್ತೆ ಅನ್ನೋ ನಂಬಿಕೆ ಎಲ್ಲಿಂದ ಬಂತು, ಇದನ್ನೆಲ್ಲಾ ಅಲ್ಲಿ ಕೆಲಸ ಮಾಡೋರನ್ನೇ ಕೂರಿಸಿ ಅವರ ಬಾಯಿಂದಲೇ ಹೊರಗೆ ತರಿಸಿ, ಕೆಲಸದ ರೀತಿನೇ ಬದಲಾಯಿಸೋದು ಓ.ಡಿ. ಟ್ರೈನಿಂಗ್‌ಗೆ ಒಬ್ಬ ಮನುಷ್ಯನ ಕೈ ಕಾಣುತ್ತೆ, ಓ.ಡಿ.ಗೆ ಆ ಮನುಷ್ಯ ಕೂತಿರೋ ಜಾಗ, ಸುತ್ತ ಇರೋ ಜನ, ರೂಲ್ಸು, ಎಲ್ಲಾ ಕಾಣ್ಬೇಕು.

ನನಗೆ ಇದು ಅರ್ಥ ಆಗಿದ್ದು ಒಂದು ಸೋಲಿಂದ. ಶುರುಲಿ ಆಟೋ ಪಾರ್ಟ್ಸ್ ಮಾಡೋ ಒಂದು ಫ್ಯಾಕ್ಟರಿಲಿದ್ದೆ. ನೈಟ್ ಶಿಫ್ಟಲ್ಲಿ ರಿಜೆಕ್ಷನ್ ಜಾಸ್ತಿ ಬರ್ತಿತ್ತು, ಮ್ಯಾನೇಜ್‌ಮೆಂಟ್ ನನ್ನ ಕರೆದು ಇವರಿಗೆ ಎರಡು ದಿನ ಕ್ವಾಲಿಟಿ ಟ್ರೈನಿಂಗ್ ಕೊಡು ಅಂದ್ರು. ಕಷ್ಟಪಟ್ಟು ತಯಾರಿ ಮಾಡ್ಕೊಂಡು ಕೊಟ್ಟೆ, ಜನ ಚಪ್ಪಾಳೆ ಹೊಡೆದ್ರು, ಫೀಡ್‌ಬ್ಯಾಕ್ ಫಾರ್ಮಲ್ಲಿ ಎಲ್ರೂ ಐದಕ್ಕೆ ಐದು. ಮುಂದಿನ ತಿಂಗಳು ರಿಜೆಕ್ಷನ್ ಅಷ್ಟೇ ಬಂತು. ಆಮೇಲೆ ಒಬ್ರು ಸೀನಿಯರ್ ನೀನು ಒಂದ್ಸಲ ನೈಟ್ ಶಿಫ್ಟಲ್ಲಿ ಹೋಗಿ ನಿಂತ್ಕೋ ಮಾರಾಯ ಅಂದ್ರು. ನಾಲ್ಕು ರಾತ್ರಿ ಹೋದೆ. ಮೂರನೇ ರಾತ್ರಿ ಗೊತ್ತಾಯ್ತು, ಅಳತೆ ನೋಡೋ ಗೇಜು ಕ್ವಾಲಿಟಿ ಚೆಕ್ ಮಾಡೋ ಕ್ಯೂಸಿ ರೂಮಲ್ಲಿ ಬೀಗದಲ್ಲಿರ್ತಿತ್ತು, ಬೀಗದ ಕೈ ಡೇ ಶಿಫ್ಟ್ ಇನ್‌ಚಾರ್ಜ್ ಜೇಬಲ್ಲಿ ಮನೆಗೆ ಹೋಗ್ತಿತ್ತು. ರಾತ್ರಿ ಪಾಳಿಯವರು ಕಣ್ಣಂದಾಜಲ್ಲಿ ಪೀಸ್ ತೆಗೀತಿದ್ರು. ಅವರಿಗೆ ಗೇಜ್ ಹಾಕೋಕೆ ನನಗಿಂತ ಚೆನ್ನಾಗಿ ಬರ್ತಿತ್ತು! ಮೆಷಿನ್ ಪಕ್ಕ ಒಂದು ಡಬ್ಬಿ ಇಟ್ಟು ಅದರಲ್ಲಿ ಗೇಜ್ ಇಡಿಸಿದ್ವಿ, ಮುಗೀತು. ಅವತ್ತಿಂದ ಯಾರಾದ್ರೂ ಟ್ರೈನಿಂಗ್ ಕೊಡಿ ಅಂದ್ರೆ ನಾನು ಮೊದಲು ಕೇಳೋದು ಇವರಿಗೆ ಕೆಲಸ ಬರಲ್ವಾ, ಇಲ್ಲ ಬಂದ್ರೂ ಮಾಡೋಕೆ ಏನಾದ್ರೂ ಅಡ್ಡ ಐತಾ ಅಂತ. ಬರದೇ ಇದ್ರೆ ಟ್ರೈನಿಂಗು, ಅಡ್ಡ ಇದ್ರೆ ಆ ಅಡ್ಡ ತೆಗೀಬೇಕು.

ನಿಮ್ಮ ಮ್ಯಾನೇಜರ್‌ಗೂ ಇದೇ ಭಾಷೇಲಿ ಮಾತಾಡ್ರಿ. ಖರ್ಚು ಅಂತಾರೆ ಅಂದ್ರೆ ಅವರ ಹತ್ರ ಲೆಕ್ಕ ಇಡ್ಬೇಕು. 1959ರಲ್ಲಿ ಕರ್ಕ್‌ಪ್ಯಾಟ್ರಿಕ್ ಅನ್ನೋ ಅಮೆರಿಕದ ಪ್ರೊಫೆಸರ್ ಟ್ರೈನಿಂಗ್ ಅಳೆಯೋಕೆ ನಾಲ್ಕು ಮೆಟ್ಟಿಲು ಹೇಳಿದ್ರು, ಜನಕ್ಕೆ ಹಿಡಿಸ್ತಾ, ಕಲಿತ್ರಾ, ಕೆಲಸದಲ್ಲಿ ಬಳಸ್ತಿದಾರಾ, ಕೊನೆಗೆ ಕಂಪನಿಗೆ ಏನು ಸಿಕ್ತು ಅಂತ. ಹೆಚ್ಚಿನವರು ಮೊದಲನೇ ಮೆಟ್ಟಿಲಲ್ಲೇ ನಿಂತು ಬಿಡ್ತಾರೆ, ನಾನೂ ಆ ಐದಕ್ಕೆ ಐದು ನೋಡಿ ಅಲ್ಲೇ ನಿಂತಿದ್ದೆ. ನಿಮ್ಮ ಕೈಲಿ ಆಗ್ಲೇ ಜಾಯ್ನಿಂಗು, ಬಿಟ್ಟು ಹೋದವರ ಸೆಟಲ್‌ಮೆಂಟ್ ಎರಡೂ ಡೇಟಾ ಐತೆ. ನೀವು ಇಂಡಕ್ಷನ್ ಬದಲಾಯಿಸೋದಕ್ಕೆ ಮುಂಚೆ ಸೇರಿದವರಲ್ಲಿ ಮೊದಲ ಮೂವತ್ತು ದಿನದಲ್ಲಿ ಎಷ್ಟು ಜನ ಬಿಟ್ರು, ಆಮೇಲೆ ಎಷ್ಟು ಜನ, ಅದನ್ನ ತೆಗೀರಿ. ಒಬ್ಬ ಹೊಸ ಟೈಲರ್‌ನ ಕರ್ಕೊಂಡು ಬಂದು ಕೈ ಕೂರೋವರೆಗೆ ಕಂಪನಿಗೆ ಏನು ಬೀಳುತ್ತೆ ಅಂತ ನಿಮ್ಮ ಅಕೌಂಟ್ಸ್‌ನವರ ಹತ್ರ ಕೇಳಿ ಗುಣಿಸ್ರಿ. ಒಂದೇ ಹಾಳೆ ಸಾಕು. ದಿನಾ ಪಿಎಫ್ ಶೀಟ್ ನೋಡ್ತೀನಿ ಅಂತ ಬೇಜಾರ್ ಮಾಡ್ಕೋಬೇಡಿ, ಆ ಎಕ್ಸೆಲ್ ಕೈ ಇಲ್ಲಿ ಬಹಳ ಕೆಲಸಕ್ಕೆ ಬರುತ್ತೆ.

ಸರ್ಟಿಫಿಕೇಟ್ ವಿಷಯ. ದಿಲ್ಲಿಲಿ ಐಎಸ್‌ಟಿಡಿ ಅಂತ ಐತೆ, ಇಂಡಿಯನ್ ಸೊಸೈಟಿ ಫಾರ್ ಟ್ರೈನಿಂಗ್ ಅಂಡ್ ಡೆವಲಪ್‌ಮೆಂಟ್, 1970ರಲ್ಲಿ ಶುರುವಾಗಿದ್ದು, ಅವರ ಡಿಪ್ಲೊಮಾನ ಕೆಲಸ ಮಾಡ್ಕೊಂಡೇ ದೂರ ಶಿಕ್ಷಣದಲ್ಲಿ ಮಾಡ್ಬೋದು, ನಿಮ್ಮ ಪರಿಸ್ಥಿತಿಗೆ ಅದು ಸರಿ ಹೋಗುತ್ತೆ. ಓ.ಡಿ. ಕಡೆ ಮನಸ್ಸಿದ್ರೆ ಐಎಸ್‌ಎಬಿಎಸ್, ಅಂದ್ರೆ ಇಂಡಿಯನ್ ಸೊಸೈಟಿ ಫಾರ್ ಅಪ್ಲೈಡ್ ಬಿಹೇವಿಯರಲ್ ಸೈನ್ಸ್‌ನವರು ನಡೆಸೋ ಲ್ಯಾಬ್‌ಗೆ ಒಂದ್ಸಲ ಹೋಗಿ ಬರ್ರಿ. ಅಲ್ಲಿ ಪಾಠ ಇರಲ್ಲ, ಹತ್ತು ಹನ್ನೆರಡು ಜನ ಸುತ್ತ ಕೂತು ನಿಮ್ಮ ಮಾತು ನಡವಳಿಕೆ ನನಗೆ ಹೆಂಗೆ ತಟ್ತು ಅಂತ ಒಬ್ರಿಗೊಬ್ರು ನೇರವಾಗಿ ಹೇಳ್ಬೇಕು. ಇದರ ಬೇರು 1946ರ ಬೇಸಿಗೇಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಕರ್ಟ್ ಲೆವಿನ್ ನಡೆಸಿದ ಒಂದು ಶಿಬಿರದಲ್ಲೈತೆ. ಸಂಜೆ ಸಂಶೋಧಕರು ಕೂತು ಇವತ್ತು ಗುಂಪಲ್ಲಿ ಯಾರು ಹೆಂಗೆ ನಡ್ಕೊಂಡ್ರು ಅಂತ ಚರ್ಚೆ ಮಾಡ್ತಿದ್ದಾಗ ಶಿಬಿರಕ್ಕೆ ಬಂದಿದ್ದವರಲ್ಲೇ ಕೆಲವರು ನಾವೂ ಕೂತು ಕೇಳ್ತೀವಿ ಅಂದ್ರು, ಲೆವಿನ್ ಒಪ್ಕೊಂಡ್ರು. ನಾನು ಹಂಗೆ ಮಾಡಿದ್ದಲ್ಲ, ಹಿಂಗೆ ಅಂತ ಅವರು ಹೇಳೋಕೆ ಶುರು ಮಾಡ್ದಾಗ ಪಾಠಕ್ಕಿಂತ ದೊಡ್ಡ ಕಲಿಕೆ ಅಲ್ಲೇ ಆಗ್ತಿದೆ ಅಂತ ಎಲ್ರಿಗೂ ಹೊಳೀತು. ನಮ್ಮ ದೇಶದಲ್ಲಿ ಎಚ್‌ಆರ್‌ಡಿ, ಅಂದ್ರೆ ಮಾನವ ಸಂಪನ್ಮೂಲ ಅಭಿವೃದ್ಧಿ ಅನ್ನೋ ಬೇರೆ ವಿಭಾಗವೇ ಬೇಕು ಅಂತ ತೋರಿಸಿದ್ದು ಐಐಎಂ ಅಹಮದಾಬಾದ್‌ನ ಉದಯ್ ಪಾರೀಕ್, ಟಿ.ವಿ. ರಾವ್, ಅವರು ಎಪ್ಪತ್ತರ ದಶಕದಲ್ಲಿ ಎಲ್ ಅಂಡ್ ಟಿ ಕಂಪನಿಗೆ ಮಾಡಿಕೊಟ್ಟ ಕೆಲಸದಿಂದ. ಟಿ.ವಿ. ರಾವ್ ಅವರ ಬರಹ ಸಿಕ್ಕಿದ್ದನ್ನೆಲ್ಲಾ ಓದ್ರಿ, ಇಂಗ್ಲಿಷ್ ಸರಳವಾಗಿರುತ್ತೆ.

ಊರು ಬಿಡದೇ ಮಾಡೋ ಇನ್ನೊಂದು ಕೆಲಸ ಅಂದ್ರೆ ಇನ್‌ಸ್ಟ್ರಕ್ಷನಲ್ ಡಿಸೈನ್, ಕಂಪ್ಯೂಟರ್ ಮೇಲೆ ನೋಡೋ ಪಾಠ ತಯಾರು ಮಾಡೋದು. ಸ್ಟೋರಿಲೈನ್ ಥರ ಟೂಲ್ ಕಲ್ತು ಮನೇಲೇ ಕೂತು ಮಾಡೋ ಜನ ನನ್ನ ಟೀಮಲ್ಲೇ ಇದಾರೆ. ಆದ್ರೆ ನಿಮ್ಮ ಮನಸ್ಸಿರೋದು ಜನರ ಜೊತೆ ಅಂತ ಕಾಣುತ್ತೆ.

ದುರ್ಗದ_ಗಾಳಿ:

ಎಲ್ರೂ ಚಂದ ಹೇಳ್ತಿದಾರೆ, ನಾನೊಂದು ಕಹಿ ವಿಷಯ ಹೇಳ್ಬೇಕು, ಹೇಳದೇ ಇದ್ರೆ ತಪ್ಪಾಗುತ್ತೆ. ಕಂಪನಿಲಿ ಕೈ ಬಿಗಿ ಆದಾಗ ಮೊದಲು ಕತ್ತರಿ ಬೀಳೋದು ಟ್ರೈನಿಂಗ್ ಬಜೆಟ್‌ಗೆ. ನಾನು ಹೊಸಪೇಟೆ ಕಡೆ ಒಂದು ಪ್ಲಾಂಟಲ್ಲಿ ಟ್ರೈನಿಂಗ್ ಸೆಲ್‌ನಲ್ಲಿದ್ದೆ, ಆರು ಜನ ಇದ್ವಿ, ಒಂದೇ ವರ್ಷಕ್ಕೆ ಇಬ್ರಾದ್ವಿ, ಆಮೇಲೆ ನಾನೂ ವಾಪಸ್ ದುರ್ಗಕ್ಕೆ ಬಂದೆ. ಹಂಗಂತ ಹೋಗ್ಬೇಡಿ ಅಂತಿಲ್ಲ ಅಕ್ಕ. ಪಿಎಫ್, ಇಎಸ್‌ಐ, ಲೇಬರ್ ಕಾನೂನು ಕೆಲಸ ಪೂರ್ತಿ ಕೈ ಬಿಡ್ಬೇಡಿ, ಅದು ಅನ್ನ ಹಾಕೋ ಕೆಲಸ, ಅದನ್ನ ಇಟ್ಕೊಂಡು ಇದಕ್ಕೆ ಕೈ ಹಾಕ್ರಿ. ಮನೇಲಿ ಹುಷಾರಿಲ್ಲದವರಿದಾರೆ ಅಂದ್ರಿ, ತಿಂಗಳ ಸಂಬಳ ನಿಲ್ಲಬಾರ್ದು.

ಹರಿಹರದ_ನಿವೃತ್ತ:

ತಂಗೀ, ನಾನು ಹರಿಹರದ ಕಡೆ ಒಂದು ಕಾರ್ಖಾನೆಲಿ ಅಪ್ರೆಂಟಿಸ್ ಹುಡುಗ್ರಿಗೆ ಲೇತ್, ಮಿಲ್ಲಿಂಗ್ ಕಲಿಸ್ತಿದ್ದ ಇನ್‌ಸ್ಟ್ರಕ್ಟರ್, ರಿಟೈರ್ ಆಗಿ ಹನ್ನೊಂದು ವರ್ಷ. ಮೊಬೈಲಲ್ಲಿ ಟೈಪ್ ಮಾಡೋದು ನಿಧಾನ, ತಪ್ಪಿದ್ರೆ ತಿದ್ದಿ ಓದ್ಕೊಳ್ಳವ್ವ.

ಮೇಲೆ ಹೇಳಿದ ದೊಡ್ಡ ವಿಷಯ ಎಲ್ಲಾ ಸರಿ. ಕಲಿಸೋ ಕೈಚಳಕ ಒಂದು ಬೇಕಲ್ಲ, ಅದನ್ನ ಹೇಳ್ತೀನಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದಾಗೆ ಕೆಲಸ ಬಲ್ಲವರೆಲ್ಲಾ ಯುದ್ಧಕ್ಕೆ ಹೋದ್ರು, ಕಾರ್ಖಾನೆಗೆ ಏನೂ ಗೊತ್ತಿಲ್ಲದ ಹೊಸಬರು ಬಂದ್ರು, ಹೆಣ್ಮಕ್ಕಳೂ ಬಹಳ ಜನ ಬಂದ್ರು. ಅವರಿಗೆ ಬೇಗ ಕಲಿಸೋಕೆ ಅಂತ 1940 ರಿಂದ 1945ರವರೆಗೆ ಟಿಡಬ್ಲ್ಯುಐ ಅಂತ ಒಂದು ಯೋಜನೆ ನಡೀತು, ಟ್ರೈನಿಂಗ್ ವಿದಿನ್ ಇಂಡಸ್ಟ್ರಿ. ಯುದ್ಧ ಮುಗಿದ ಮೇಲೆ ಅದು ಜಪಾನಿಗೆ ಹೋಗಿ ಅಲ್ಲೇ ಗಟ್ಟಿಯಾಗಿ ಬೇರು ಬಿಡ್ತು. ಅದರಾಗೆ ಸೂಪರ್‌ವೈಸರ್‌ಗಳಿಗೆ ಕಲಿಸೋದು ಹೆಂಗೆ ಅಂತ ತೋರಿಸೋಕೆ ಒಂದು ಗಂಟು ಇಟ್ಕೊಂಡಿದ್ರು. ಬಲ್ಬ್ ಹೋಲ್ಡರ್ ಒಳಗೆ ಎರಡು ವೈರ್‌ಗೆ ಹಾಕ್ತೀವಲ್ಲ, ಹೊರಗಿಂದ ಎಳೆದ್ರೆ ಸ್ಕ್ರೂ ಮೇಲೆ ಭಾರ ಬೀಳಬಾರದು ಅಂತ, ಆ ಗಂಟು. ಮೊದಲು ಒಬ್ಬನ್ನ ಕರೆದು ಬರೀ ಬಾಯಲ್ಲಿ ಹೇಳೋದು, ಅವನಿಗೆ ಬರಲ್ಲ. ಇನ್ನೊಬ್ಬನ್ನ ಕರೆದು ಮಾತಿಲ್ದೆ ಬರೀ ತೋರಿಸೋದು, ಅವನಿಗೂ ಬರಲ್ಲ. ಆಮೇಲೆ ಸರಿಯಾದ ರೀತಿ. ಮೊದಲು ಕಲಿಯೋನ ಭಯ ತೆಗೆದು ಪಕ್ಕಕ್ಕೆ ಕೂರಿಸ್ಕೋಬೇಕು, ಎದುರಿಗೆ ಕೂರಿಸಿದ್ರೆ ಅವನಿಗೆ ಎಡ ಬಲ ಉಲ್ಟಾ ಕಾಣುತ್ತೆ. ಆಮೇಲೆ ಒಂದೊಂದೇ ಹೆಜ್ಜೆ ತೋರಿಸ್ತಾ ಹೇಳ್ತಾ, ಎಲ್ಲಿ ಎಚ್ಚರ ಬೇಕು, ಯಾಕೆ ಬೇಕು ಅಂತ ಒತ್ತಿ ಹೇಳ್ಬೇಕು. ಆಮೇಲೆ ಅವನ ಕೈಲೇ ಮಾಡಿಸಿ, ಮಾಡ್ತಾ ಮಾಡ್ತಾ ಯಾಕೆ ಹಿಂಗೆ ಅಂತ ಅವನ ಬಾಯಿಂದಲೇ ಹೇಳಿಸ್ಬೇಕು. ಕೊನೆಗೆ ಕೆಲಸಕ್ಕೆ ಬಿಟ್ಟು, ಯಾರನ್ನ ಕೇಳ್ಬೇಕು ಅಂತ ತೋರಿಸಿ, ಆಗಾಗ ಹೋಗಿ ನೋಡ್ತಿರ್ಬೇಕು. ಮೂವತ್ತು ವರ್ಷ ನಾನು ಇದನ್ನೇ ಮಾಡಿದ್ದು. ನಿನ್ನ ಫ್ಲೋರ್‌ನಾಗೆ ಚೆನ್ನಾಗಿ ಹೊಲಿಯೋ ಹೆಣ್ಮಕ್ಕಳಿಗೆ ಈ ನಾಲ್ಕು ಹೆಜ್ಜೆ ಕಲಿಸಿಬಿಡು, ಅವರೇ ಟ್ರೈನರ್ ಆಗ್ತಾರೆ. ಚೆನ್ನಾಗಿ ಕೆಲಸ ಬಲ್ಲವರೆಲ್ಲಾ ಚೆನ್ನಾಗಿ ಕಲಿಸ್ತಾರೆ ಅನ್ಕೋಬೇಡ, ಕೈಗೆ ಗೊತ್ತಿದ್ದು ಬಾಯಿಗೆ ಬರಲ್ಲ ಬಹಳ ಜನಕ್ಕೆ.

ಇನ್ನೊಂದು ಮಾತು. ನಮ್ಮಪ್ಪ ದಾವಣಗೆರೆ ಬಟ್ಟೆ ಮಿಲ್ಲಿನಾಗೆ ಮಗ್ಗದ ಕೆಲಸ. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನೋ ಹೆಸರಿದ್ದ ಕಾಲ. ಆಗ ಮಿಲ್ಲಿಗೆ ಜನ ಸೇರ್ಸೋನೂ ಜಾಬರ್ರೇ, ಕೆಲಸ ಕಲಿಸೋನೂ ಜಾಬರ್ರೇ, ಬೈಯೋನೂ ಅವನೇ. ನಮ್ಮಪ್ಪ ಹರಿದ ಹಾಸಿನ ಎಳೆಗೆ ಗಂಟು ಹಾಕೋದನ್ನ ನಮಗೆ ಮನೇಲಿ ಕಣ್ಣು ಮುಚ್ಚಿಸಿ ಕಲಿಸ್ತಿದ್ರು, ಬೆರಳಿಗೆ ಗೊತ್ತಾಗ್ಬೇಕು ಕಣ್ಣಿಗಲ್ಲ ಅಂತಿದ್ರು. ಆ ಬಟ್ಟೆ ಮಿಲ್ಲಿನ ಲೋಕಕ್ಕೂ ನೀನು ಕೇಳೋ ಓ.ಡಿ.ಗೂ ನೇರ ಸಂಬಂಧ ಐತೆ. 1953ರಾಗೆ ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿಗೆ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯಿಂದ ಎ.ಕೆ. ರೈಸ್ ಅನ್ನೋರು ಬಂದ್ರು. ಹೊಸ ಆಟೊಮ್ಯಾಟಿಕ್ ಮಗ್ಗ ಹಾಕಿದ್ರೂ ಉತ್ಪಾದನೆ ಏರ್ತಿರಲಿಲ್ಲ. 224 ಮಗ್ಗಕ್ಕೆ 29 ಜನ, ಅವರಲ್ಲಿ 12 ಥರ ಬೇರೆ ಬೇರೆ ಕೆಲಸ, ಎಳೆ ಗಂಟು ಹಾಕೋನು ಒಬ್ಬ, ಎಣ್ಣೆ ಬಿಡೋನು ಒಬ್ಬ, ಒಬ್ಬರ ಕೆಲಸಕ್ಕೆ ಇನ್ನೊಬ್ಬ ಜವಾಬ್ದಾರನಲ್ಲ. ಇಷ್ಟು ಮಗ್ಗ ಇಷ್ಟು ಜನರ ಗುಂಪಿಗೆ, ಪೂರ್ತಿ ನಿಮ್ಮದೇ ಅಂತ ಮಾಡಿದ್ರೆ ಹೆಂಗೆ ಅನ್ನೋ ಮಾತು ಬಂದಾಗ ಕೆಲಸಗಾರರೇ ಅದನ್ನ ಹಿಡ್ಕೊಂಡು ಯಾರ ಜೊತೆ ಯಾರು ಅಂತ ತಾವೇ ಗುಂಪು ಕಟ್ಕೊಂಡ್ರು. ಉತ್ಪಾದನೆ ಏರ್ತು, ಡ್ಯಾಮೇಜ್ ಬಟ್ಟೆ ಇಳೀತು. ಟ್ರೈನಿಂಗ್ ಕೊಟ್ಟು ಆಗಿದ್ದಲ್ಲ ಅದು, ಕೆಲಸ ಹಂಚಿದ ರೀತಿ ಬದಲಾಗಿ ಆಗಿದ್ದು. ಇದನ್ನ ಓದಿದಾಗ ನಮ್ಮಪ್ಪ ಇರ್ಬೇಕಿತ್ತು ಅನ್ನಿಸ್ತು ನನಗೆ, ಅವರೂ ಇದೇ ಹೇಳ್ತಿದ್ರು, ನಮ್ಮನ್ನ ಯಾರೂ ಕೇಳಲ್ಲ ಅಂತ.

ವಿದ್ಯಾನಗರ_ಟ್ರೈನರ್:

ಹಾಯ್, ನಾನು ದಾವಣಗೆರೆಲೇ ಇದ್ಕೊಂಡು ಫ್ರೀಲ್ಯಾನ್ಸ್ ಟ್ರೈನರ್ ಆಗಿ ಎಂಟು ವರ್ಷ ಆಯ್ತು, ಹಂಗಾಗಿ ಊರಲ್ಲೇ ಆಗುತ್ತಾ ಅನ್ನೋದಕ್ಕೆ ನಾನೇ ಉತ್ತರ ಕೊಡ್ಬೋದು ಅನ್ಸುತ್ತೆ. ಆಗುತ್ತೆ, ಆದ್ರೆ ಮೊದಲ ಎರಡು ವರ್ಷ ಕಷ್ಟ.

ಇಲ್ಲಿ ಕೆಲಸ ಎಲ್ಲಿ ಸಿಗುತ್ತೆ ಅಂದ್ರೆ, ಮೊದಲು ಆಸ್ಪತ್ರೆಗಳಲ್ಲಿ, ಎರಡು ಮೆಡಿಕಲ್ ಕಾಲೇಜಿರೋ ಊರು ಇದು, ನರ್ಸಿಂಗ್ ಹೋಂಗಳೂ ಸಾಲು ಸಾಲು. ಆಮೇಲೆ ಸಹಕಾರಿ ಬ್ಯಾಂಕು, ಸೊಸೈಟಿಗಳು, ಸ್ಕೂಲು ಕಾಲೇಜು. ಪಾಶ್ ಟ್ರೈನಿಂಗ್ ಅಂತೂ ಈಗ ತುಂಬಾ ಕೇಳ್ತಾರೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋ 2013ರ ಕಾನೂನು, ಹತ್ತು ಜನ ಅಥವಾ ಜಾಸ್ತಿ ಕೆಲಸಗಾರರಿದ್ರೆ ಇಂಟರ್ನಲ್ ಕಮಿಟಿ ಮಾಡ್ಲೇಬೇಕು, ಅದರಲ್ಲಿ ಕನಿಷ್ಠ ಅರ್ಧ ಹೆಣ್ಮಕ್ಕಳು, ಹೊರಗಿನವರು ಒಬ್ರು ಇರ್ಬೇಕು, ಆಗಾಗ ಅರಿವು ಕಾರ್ಯಕ್ರಮ ಮಾಡಿಸ್ಬೇಕು. ನಿಮ್ಮ ಗಾರ್ಮೆಂಟ್ಸ್‌ನಲ್ಲಿ ಹೆಣ್ಮಕ್ಕಳೇ ಜಾಸ್ತಿ, ಅಲ್ಲಿಂದಲೇ ಇದರ ಅನುಭವ ತಗೋಬೋದು. ಕನ್ನಡದಲ್ಲಿ ಇದನ್ನ ಮರ್ಯಾದೆಯಾಗಿ, ಮುಜುಗರ ಆಗದಂಗೆ, ಆದ್ರೆ ಮುಚ್ಚಿಡ್ದೆ ಹೇಳೋ ಟ್ರೈನರ್‌ಗಳು ನಮ್ಮ ಕಡೆ ಬಹಳ ಕಮ್ಮಿ.

ಇಂಗ್ಲಿಷ್ ಬಗ್ಗೆ ಕೇಳಿದ್ರಲ್ಲ, ನನ್ನ ಮಾತು ಕೇಳಿ, ಇಲ್ಲಿ ನಿಮ್ಮ ಕನ್ನಡವೇ ನಿಮ್ಮ ಬಂಡವಾಳ. ಒಂದು ಆಸ್ಪತ್ರೆಲಿ ಶಿಫ್ಟ್ ಬದಲಾಗೋವಾಗ ಮಾಹಿತಿ ಸರಿಯಾಗಿ ದಾಟ್ತಿಲ್ಲ ಅಂತ ನನ್ನ ಕರೆಸಿದ್ರು. ಮೊದಲು ಬಂದು ಹೋಗಿದ್ದ ಟ್ರೈನರ್ ಇಂಗ್ಲಿಷ್ ಸ್ಲೈಡ್‌ಲಿ ಕಮ್ಯುನಿಕೇಷನ್ ಸ್ಕಿಲ್ಸ್ ಮಾಡಿದ್ರಂತೆ. ನಾನು ಏನೂ ಮಾಡ್ಲಿಲ್ಲ, ಬೆಳಗ್ಗೆ ಏಳೂವರೆಗೆ ವಾರ್ಡ್ ಬಾಗಿಲಲ್ಲಿ ನಿಂತು ನೋಡ್ದೆ. ರಾತ್ರಿ ಸಿಸ್ಟರ್‌ಗೆ ಬಸ್ ಹಿಡಿಯೋ ಅವಸರ, ಬೆಳಗಿನವರು ಇನ್ನೂ ಏಪ್ರನ್ ಹಾಕ್ತಾ ಇರ್ತಾರೆ, ಮಾತು ನಡ್ಕೊಂಡೇ ಮುಗೀತಿತ್ತು. ಸಿಸ್ಟರ್‌ಗಳನ್ನೇ ಕೂರಿಸಿ ಏನೇನು ಹೇಳ್ಲೇಬೇಕು ಅಂತ ಕೇಳಿ, ಐದು ಸಾಲಿನ ಒಂದು ಕನ್ನಡ ಚೀಟಿ ಮಾಡಿದ್ವಿ, ಹೆಸರು, ಈಗ ಹೆಂಗಿದಾರೆ, ಯಾವ ಔಷಧಿ ಬಾಕಿ, ಯಾವ ರಿಪೋರ್ಟ್ ಬರ್ಬೇಕು, ಯಾವುದಕ್ಕೆ ಕಣ್ಣಿಟ್ಟಿರ್ಬೇಕು ಅಂತ, ಬೆಡ್ ಪಕ್ಕ ನಿಂತೇ ಹೇಳ್ಬೇಕು. ಹತ್ತು ನಿಮಿಷ ಎರಡೂ ಪಾಳಿ ಜೊತೇಲಿ ಇರೋ ಹಂಗೆ ಡ್ಯೂಟಿ ಟೈಮ್ ಬದಲಾಯಿಸೋಕೆ ಮ್ಯಾನೇಜ್‌ಮೆಂಟ್‌ನ ಒಪ್ಪಿಸೋದೇ ದೊಡ್ಡ ಕೆಲಸ ಆಯ್ತು, ಮೂರು ಮೀಟಿಂಗ್ ಬೇಕಾಯ್ತು. ಎರಡು ತಿಂಗಳ ಮೇಲೆ ಹೋದಾಗ ಆ ಚೀಟಿ ಇನ್ನೂ ಬಳಸ್ತಿದ್ರು, ಒಂದು ಸಾಲು ಅವರೇ ಸೇರಿಸ್ಕೊಂಡಿದ್ರು. ಆ ಆರನೇ ಸಾಲು ನೋಡಿ ನನಗೆ ಆದ ಖುಷಿ ಹೇಳೋಕಾಗಲ್ಲ.

ಸರ್ಕಾರದ ಕಡೆಯೂ ದಾರಿ ಐತೆ. ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಕೆಳಗೆ ಜಿಲ್ಲಾ ತರಬೇತಿ ಸಂಸ್ಥೆಗಳಿರ್ತಾವೆ, ಅಲ್ಲಿ ಸರ್ಕಾರಿ ನೌಕರರ ತರಬೇತಿಗೆ ಹೊರಗಿನ ಸಂಪನ್ಮೂಲ ವ್ಯಕ್ತಿಗಳನ್ನ ಕರೀತಾರೆ. ಚಿತ್ರದುರ್ಗದಲ್ಲಿ ರುಡ್‌ಸೆಟಿ ಐತೆ, 1982ರಲ್ಲಿ ಉಜಿರೆಲಿ ಶುರುವಾದ ಸಂಸ್ಥೆ, ಹಳ್ಳಿ ಹುಡುಗ ಹುಡುಗೀರಿಗೆ ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡುತ್ತೆ. ಅವರು ತರಬೇತಿ ಮುಗಿದ್ಮೇಲೂ ಕಲಿತವರ ಬೆನ್ನು ಹತ್ತಿ ಏನಾಯ್ತು ಅಂತ ವಿಚಾರಿಸ್ತಾರಲ್ಲ, ಅದನ್ನ ಹೋಗಿ ನೋಡ್ರಿ, ದೊಡ್ಡ ದೊಡ್ಡ ಕಂಪನಿಗಳೂ ಅಷ್ಟು ಮಾಡಲ್ಲ. ಚಳ್ಳಕೆರೆ ಹತ್ರ ಕುದಾಪುರದ ಐಐಎಸ್‌ಸಿ ಕ್ಯಾಂಪಸ್‌ನಲ್ಲಿ ವಿಜ್ಞಾನ ಮೇಷ್ಟ್ರುಗಳಿಗೆ ತರಬೇತಿ ನಡಿಯುತ್ತೆ, ದೊಡ್ಡವರಿಗೆ ಕೈಯಿಂದ ಮಾಡಿಸಿ ಕಲಿಸೋದು ಹೆಂಗೆ ಅನ್ನೋದಕ್ಕೆ ನಮ್ಮ ಪಕ್ಕದಲ್ಲೇ ಇರೋ ಒಳ್ಳೆ ಉದಾಹರಣೆ ಅದು.

ದುಡ್ಡಿನ ವಿಷಯಕ್ಕೆ ದುರ್ಗದ ಅಣ್ಣ ಹೇಳಿದ್ದು ಸತ್ಯ. ಕೆಲವು ಕಡೆ ಟ್ರೈನಿಂಗ್ ಮುಗಿದು ನಾಲ್ಕೈದು ತಿಂಗಳಾದ್ರೂ ಬಿಲ್ ಪಾಸ್ ಆಗಲ್ಲ, ಫೋನ್ ಮಾಡಿ ಮಾಡಿ ಸಾಕಾಗುತ್ತೆ. ಅದಕ್ಕೆ ಈಗಿನ ಕೆಲಸ ಬಿಡದೇ, ನಿಮ್ಮ ಫ್ಯಾಕ್ಟರಿನೇ ಪಾಠಶಾಲೆ ಮಾಡ್ಕೊಳ್ರಿ. ಹೊರಗೆ ಭಾನುವಾರ ಒಂದೆರಡು ಸೆಷನ್ ಮಾಡ್ಬೇಕು ಅಂದ್ರೆ ಮೊದಲು ಕಂಪನಿಲಿ ಬರವಣಿಗೇಲಿ ಪರ್ಮಿಷನ್ ತಗೊಳ್ರಿ, ನಾನು ಅದನ್ನ ಮಾಡ್ದೆ ಒಂದ್ಸಲ ತೊಂದ್ರೆಗೆ ಸಿಕ್ಕಿದೀನಿ.

ಮಾಯಕೊಂಡ_ಮಗಳು:

ಎಲ್ರಿಗೂ ಕೈ ಮುಗೀತೀನಿ. ಇಷ್ಟು ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ. ಮೂರು ವಾರ ಆಯ್ತು, ಏನ್ ಮಾಡ್ದೆ ಅಂತ ಹೇಳ್ಬೇಕು ಅಂತ ಬಂದೆ.

ಚಳ್ಳಕೆರೆ ಅಣ್ಣ, ನೀವು ಹೇಳಿದ ಲೆಕ್ಕ ತೆಗೆದೆ, ಎರಡು ಭಾನುವಾರ ಹಿಡೀತು. ಬದಲಾಯಿಸಿದ ಮೇಲೆ ಮೊದಲ ವಾರದಲ್ಲೇ ಬಿಟ್ಟು ಹೋಗೋರು ಕಮ್ಮಿ ಆಗಿದಾರೆ, ಕಣ್ಣಿಗೆ ಕಾಣೋ ಅಷ್ಟು. ಆದ್ರೆ ಎರಡನೇ ವಾರ ಮೂರನೇ ವಾರದಲ್ಲಿ ಬಿಡೋರು ಮೊದಲಿನಷ್ಟೇ ಇದಾರೆ, ಅದನ್ನ ನಾನು ಗಮನಿಸೇ ಇರ್ಲಿಲ್ಲ. ಅವರ ಹೆಸರನ್ನ ಲೈನ್ ಪ್ರಕಾರ ಜೋಡಿಸಿ ನೋಡಿದ್ರೆ ಬಹಳ ಜನ ಎರಡೇ ಲೈನ್‌ನವರು. ಮೊದಲು ಸೂಪರ್‌ವೈಸರ್ ಬೈತಾರೆ ಅಂತ ಅನ್ಕೊಂಡೆ, ನೇರ ಹೋಗಿ ಅವರ ಮೇಲೆ ಕಂಪ್ಲೇಂಟ್ ಮಾಡೋಳಿದ್ದೆ. ಗೇಜ್ ಕಥೆ ನೆನಪಾಗಿ ತಡೆದು ಎರಡು ದಿನ ಆ ಲೈನ್ ಹತ್ರ ನಿಂತೆ. ನೋಡಿದ್ರೆ ಹೊಸ ಹುಡುಗೀರನ್ನ ಎರಡನೇ ವಾರದಿಂದ ದಿನಾ ಒಂದೊಂದು ಮೆಷಿನ್‌ಗೆ ಕೂರಿಸ್ತಾರೆ, ಯಾರು ರಜೆ ಹಾಕಿರ್ತಾರೋ ಆ ಜಾಗಕ್ಕೆ. ಸೋಮವಾರ ಓವರ್‌ಲಾಕು, ಮಂಗಳವಾರ ಪಾಕೆಟ್ಟು, ಯಾವುದರಲ್ಲೂ ಕೈ ಕೂರಲ್ಲ, ಟಾರ್ಗೆಟ್ ಬರಲ್ಲ, ಬೈಸ್ಕೊಳ್ತಾರೆ, ಬಿಡ್ತಾರೆ. ಸೂಪರ್‌ವೈಸರ್ ಅಕ್ಕನ್ನ ಟೀ ಟೈಮಲ್ಲಿ ಕೇಳಿದ್ರೆ ಅವರ ಕಣ್ಣಲ್ಲೂ ನೀರು ಬಂತು, ನನಗೆ ಜನ ಕೊಡಲ್ಲ ಮೇಡಂ, ಖಾಲಿ ಮೆಷಿನ್ ಕಂಡ್ರೆ ನನಗೆ ಬೈತಾರೆ, ಹೊಸಬರನ್ನ ಬಿಟ್ರೆ ಇನ್ಯಾರನ್ನ ಕೂರಿಸ್ಲಿ ಅಂದ್ರು. ಆರು ವರ್ಷ ಒಂದೇ ಬಿಲ್ಡಿಂಗಲ್ಲಿದ್ರೂ ನಾನು ಅವರ ಜೊತೆ ಕೂತು ಮಾತಾಡಿದ್ದು ಅದೇ ಮೊದಲು.

ಒಂದೇ ಹಾಳೇಲಿ ಬರೆದು ಮ್ಯಾನೇಜರ್‌ಗೆ ಕೊಟ್ಟೆ. ಪೂರ್ತಿ ಒಪ್ಪಲಿಲ್ಲ. ಆ ಎರಡು ಲೈನಲ್ಲಿ ಮಾತ್ರ, ಒಂದು ತಿಂಗಳು, ಹೊಸಬರನ್ನ ಒಂದೇ ಮೆಷಿನಲ್ಲಿ ಬಿಡೋಣ, ರಜೆ ಜಾಗ ತುಂಬೋಕೆ ಎಲ್ಲಾ ಕೆಲಸ ಬರೋ ಮೂರು ಜನ ಹಳಬರನ್ನ ಬೇರೆ ಇಡೋಣ, ನೋಡೋಣ ಅಂದ್ರು. ಹಿರಿಯರು ಹೇಳಿದ ನಾಲ್ಕು ಹೆಜ್ಜೆನ ಆ ಮೂವರಿಗೆ ಶನಿವಾರ ಕಲಿಸ್ತೀನಿ. ಸರ್, ಮನೇಲಿ ಬಲ್ಬ್ ಹೋಲ್ಡರ್ ಬಿಚ್ಚಿ ನಮ್ಮ ಯಜಮಾನ್ರ ಹತ್ರ ಆ ಗಂಟು ಹಾಕೋದು ಕಲ್ತೆ, ಅವರಿಗೆ ಮೊದಲೇ ಗೊತ್ತಿತ್ತು, ಪಕ್ಕದಲ್ಲಿ ಕೂರಿಸ್ಕೊಂಡು ತೋರಿಸಿದ್ರು. ಆ ಗಂಟಿನ ಬದಲು ಬಾಬಿನ್ ಹಾಕೋದನ್ನ ಇಟ್ಕೊಂಡು ತೋರಿಸೋಣ ಅಂತಿದೀನಿ, ನಮ್ಮವರಿಗೆ ಅದು ಹತ್ರ.

ದುರ್ಗದ ಅಣ್ಣ, ಪಿಎಫ್ ಕೆಲಸ ಬಿಡಲ್ಲ. ವಿದ್ಯಾನಗರದ ಅಕ್ಕ, ನಿಮ್ಮನ್ನ ಒಂದ್ಸಲ ಭೇಟಿ ಆಗ್ಬೇಕಿತ್ತು, ಮೆಸೇಜ್ ಹಾಕಿದೀನಿ, ನೋಡ್ರಿ. ಡಿಪ್ಲೊಮಾಗೆ ಮುಂದಿನ ಬ್ಯಾಚ್‌ಗೆ ಅರ್ಜಿ ಹಾಕ್ಬೇಕು ಅಂತಿದೀನಿ, ಅತ್ತೆನೇ ಹಾಕು ಅಂದ್ರು.

ಸೋಮವಾರ ಹನ್ನೊಂದು ಜನ ಹೊಸಬರು ಸೇರ್ತಿದಾರೆ, ಅದರಲ್ಲಿ ಆರು ಜನ ಆ ಎರಡು ಲೈನ್‌ಗೆ. ಹತ್ತನೇ ದಿನಕ್ಕೆ ಆರೂ ಜನರನ್ನ ಕ್ಯಾಂಟೀನ್‌ನಲ್ಲಿ ಕೂರಿಸ್ಕೊಂಡು ಮಾತಾಡ್ತೀನಿ, ಏನ್ ಹೇಳಿದ್ರು ಅಂತ ಇಲ್ಲೇ ಬಂದು ಬರೀತೀನಿ.